ಒತ್ತಿ ತಿರುಗಿಸಿ

ಅಧ್ಯಕ್ಷರೇ, ಮಹಿಳಾ ವಿಭಾಗದ ಗೆಳತಿಯರೇ, ಮತ್ತು ಮಾತಿನ ಆಸೆಗೋ ಆಮೇಲಿನ ಉಪ್ಪಿಟ್ಟಿನ ಆಸೆಗೋ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಗಂಡಸರೇ, ಎಲ್ಲರಿಗೂ ನಮಸ್ಕಾರ.

"ಆರು ತಿಂಗಳು ಅಮೆರಿಕದಲ್ಲಿದ್ದು ಬಂದೀರಿ, ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಹಿಂದೆ ಮುಂದೆ ನೋಡಿದೆ. ನಯಾಗರಾ ಜಲಪಾತ, ನ್ಯೂಯಾರ್ಕಿನ ಎತ್ತರದ ಕಟ್ಟಡಗಳು, ಇವನ್ನು ನೋಡದವರು ನಮ್ಮಲ್ಲಿ ಕಡಿಮೆ. ನೋಡದವರಿಗೆ ನೋಡಿದವರು ವಾಟ್ಸಾಪ್‌ನಲ್ಲಿ ಬೇಡವೆನ್ನುವಷ್ಟು ತೋರಿಸಿದ್ದಾರೆ. ನಾನು ಹೋದದ್ದು ಮಗಳ ಬಾಣಂತನಕ್ಕೆ. 2022ರಲ್ಲಿ, ನ್ಯೂಜೆರ್ಸಿಗೆ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕೋಣೆ, ಈ ಮೂರೇ ನಾನು ಕಂಡ ಅಮೆರಿಕ. ಹಾಗಾಗಿ ಇವತ್ತು ಬಾಟಲಿ, ಡಬ್ಬಿ, ಮುಚ್ಚಳದ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಕೊನೆಗೆ ನಗು ಬರುವ ವಿಷಯ ಅಲ್ಲ ಇದು.

ಮೊದಲ ದಿನ ಬೆಳಿಗ್ಗೆ ಚಹಾ ಮಾಡೋಣವೆಂದು ಫ್ರಿಜ್ ತೆಗೆದರೆ ಹಾಲು ಕ್ಯಾನಿನಲ್ಲಿತ್ತು. ಹಿಡಿಕೆ ಇರುವ ಪ್ಲಾಸ್ಟಿಕ್ ಕ್ಯಾನು, ಒಂದು ಗ್ಯಾಲನ್, ನಮ್ಮ ಲೆಕ್ಕದಲ್ಲಿ 3.78 ಲೀಟರು. ಅರ್ಧ ಲೀಟರಿನ ಚೀಲದ ಮೂಲೆ ಕತ್ತರಿಸಿ ರೂಢಿಯಾದ ಕೈಗೆ ಅದನ್ನು ಎತ್ತಿ ಬಗ್ಗಿಸುವುದೇ ಒಂದು ಕಸರತ್ತು. ಹಾಲು ಕಾಯಿಸಿಟ್ಟೆ, ಆರಿದ ಮೇಲೆ ನೋಡಿದೆ, ನಮ್ಮ ಮನೆಯಲ್ಲಿ ಬರುವಂಥ ಕೆನೆ ಇಲ್ಲ. ಮರುದಿನವೂ ಇಲ್ಲ. ಹಾಲು ಕೆಟ್ಟಿದೆಯೇನೋ ಎಂದುಕೊಂಡೆ. ಕೆಟ್ಟಿರಲಿಲ್ಲ. ಅಲ್ಲಿ ಅಂಗಡಿಯ ಹಾಲನ್ನು ಸಾಮಾನ್ಯವಾಗಿ ಹೋಮೋಜಿನೈಸ್ ಮಾಡಿರುತ್ತಾರೆ. ಅಂದರೆ ಕೊಬ್ಬಿನ ಕಣಗಳನ್ನು ಸಣ್ಣಗೆ ಒಡೆದು ಹಾಲಿನಲ್ಲೇ ಬೆರೆಸಿಬಿಟ್ಟಿರುತ್ತಾರೆ, ಅದು ಮೇಲೆ ತೇಲಿ ಬರುವುದಿಲ್ಲ. ಕೆನೆ ಕೂಡಿಸಿ, ಕಡೆದು, ಬೆಣ್ಣೆ ತೆಗೆದು ಬಾಣಂತಿಗೆ ತುಪ್ಪ ಕಾಯಿಸುವ ನನ್ನ ಯೋಜನೆ ಅಲ್ಲಿಗೇ ಮುಗಿಯಿತು. ಅಂಗಡಿಯ ಬೆಣ್ಣೆ ತಂದು ಕಾಯಿಸಿದೆ. ಆ ಬೆಣ್ಣೆ ಮಾತ್ರ ನನಗೆ ಬಹಳ ಹಿಡಿಸಿತು. ಉದ್ದನೆಯ ತುಂಡು, 113 ಗ್ರಾಂ. ಸುತ್ತಿದ ಕಾಗದದ ಮೇಲೇ ಚಮಚದ ಗೆರೆಗಳು. ಎರಡು ಚಮಚ ಬೇಕಾದರೆ ಎರಡನೆಯ ಗೆರೆಯ ಮೇಲೆ ಚಾಕು ಇಟ್ಟು ಕತ್ತರಿಸಿದರೆ ಆಯಿತು, ಕೈ ಜಿಡ್ಡಾಗುವುದಿಲ್ಲ. ಇದನ್ನು ಕಂಡುಹಿಡಿದವರು ಅಡುಗೆ ಮಾಡುವವರೇ ಇರಬೇಕು.

ಇಲ್ಲಿಂದ ಒಯ್ದ ಮಿಕ್ಸರ್ ಗುಂಯ್ ಎಂದು ನರಳಿ ಸುಮ್ಮನಾಯಿತು. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಬಚ್ಚಲಿನಲ್ಲಿ ತಂಬಿಗೆ ಇಲ್ಲ, ಟಬ್ಬಿನ ಹೊರಗೆ ನೀರು ಚೆಲ್ಲಿದರೆ ಹೋಗಲು ಮೋರಿ ಇಲ್ಲ. ಇವೆಲ್ಲ ಹೋಗಿ ಬಂದ ಪ್ರತಿಯೊಬ್ಬ ಅಜ್ಜಿಯೂ ಹೇಳುವ ಮಾತು, ಬಿಡಿ.

ಉಪ್ಪಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಂಗಡಿಯಲ್ಲಿ ಒಂದೇ ಥರದ ಎರಡು ಉಪ್ಪಿನ ಡಬ್ಬಿ ಇದ್ದವು. ಒಂದರ ಮೇಲೆ ಅಯೋಡಿನ್ ಇದೆ ಎಂದು, ಇನ್ನೊಂದರ ಮೇಲೆ ಇದರಲ್ಲಿ ಅಯೋಡಿನ್ ಇಲ್ಲ ಎಂದು ಬರೆದಿತ್ತು. ನಮ್ಮಲ್ಲಿ 2006ರಿಂದ ಊಟದ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವಂತಿಲ್ಲ. ಅಲ್ಲಿ ಎರಡೂ ಸಿಗುತ್ತವೆ, ಓದಿಕೊಂಡು ಆರಿಸುವುದು ನಿಮ್ಮ ಕೆಲಸ. ಅವತ್ತಿನಿಂದ ನನಗೆ ಪ್ರತಿ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುವ ಚಟ ಹತ್ತಿತು. ಮಗಳು ತಮಾಷೆ ಮಾಡುತ್ತಿದ್ದಳು, "ಅವ್ವಗ ಓದಾಕ ಕನ್ನಡ ಪುಸ್ತಕಾ ತರೂದು ಬ್ಯಾಡ, ಸೋಪಿನ ಪುಡಿ ಡಬ್ಬಿ ಕೊಟ್ಟರ ಸಾಕು."

ಈಗ ಮುಚ್ಚಳಕ್ಕೆ ಬರುತ್ತೇನೆ.

ಹೋದ ಎರಡನೆಯ ವಾರ ರಾತ್ರಿ ಮೊಣಕಾಲು ಹಿಡಿದುಕೊಂಡಿತು. ನನ್ನ ಮಾತ್ರೆ ಮುಗಿದಿದ್ದವು. ಮಗಳ ಕಪಾಟಿನಲ್ಲಿ ಪ್ಯಾರಾಸಿಟಮಾಲ್ ಹುಡುಕಿದೆ, ಆ ಹೆಸರಿನದು ಒಂದೂ ಇಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿ ಅದೇ ಔಷಧಕ್ಕೆ ಅಸಿಟಮಿನೊಫೆನ್ ಎನ್ನುತ್ತಾರೆ. ಅಳಿಯ ತೋರಿಸಿಕೊಟ್ಟ. ನಮ್ಮ ಹಾಗೆ ಹತ್ತು ಮಾತ್ರೆಯ ಪಟ್ಟಿ ಅಲ್ಲ, ಬಾಟಲಿಯ ತುಂಬ ಮಾತ್ರೆ. ಮುಚ್ಚಳ ತಿರುಗಿಸಿದೆ. ಟಕಟಕ ಎಂದು ತಿರುಗುತ್ತಲೇ ಇತ್ತು, ತೆರೆಯಲಿಲ್ಲ. ಸೆರಗಿನಿಂದ ಹಿಡಿದು ತಿರುಗಿಸಿದೆ. ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ನೋಡಿದೆ. ಕೊನೆಗೆ ಕನ್ನಡಕ ಹಾಕಿಕೊಂಡು ನೋಡಿದರೆ ಮುಚ್ಚಳದ ಮೇಲೇ ಬರೆದಿದೆ, ಕೆಳಗೆ ಒತ್ತಿ ತಿರುಗಿಸಿ. ಅಂಗೈಯಿಂದ ಒತ್ತಬೇಕು, ಒತ್ತಿಕೊಂಡೇ ತಿರುಗಿಸಬೇಕು. ಬೆರಳಿನ ಗಂಟು ನೋಯುವವರಿಗೆ ಎರಡೂ ಒಟ್ಟಿಗೆ ಆಗುವುದಿಲ್ಲ. ನೋವಿನ ಮಾತ್ರೆ ತೆಗೆಯುವುದಕ್ಕೇ ಇಷ್ಟು ನೋವು ತಿನ್ನಬೇಕೇ ಎಂದು ಬೈದುಕೊಂಡೆ.

ಮರುದಿನ ಅಳಿಯ ಇದರ ಹಿಂದಿನ ಕಥೆ ಹೇಳಿದ. 1970ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಮನೆಯಲ್ಲಿ ಇಡುವ ಔಷಧ, ವಿಷದಂಥ ವಸ್ತುಗಳ ಡಬ್ಬಿ ಐದು ವರ್ಷದೊಳಗಿನ ಮಕ್ಕಳಿಗೆ ತೆರೆಯಲು ಕಷ್ಟವಾಗಬೇಕು, ಆದರೆ ದೊಡ್ಡವರಿಗೆ ಕಷ್ಟವಾಗಬಾರದು ಎಂದು. ಮುಚ್ಚಳವನ್ನು ಮಕ್ಕಳ ಕೈಗೇ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಮೂರೂವರೆ ವರ್ಷದಿಂದ ನಾಲ್ಕೂ ಕಾಲು ವರ್ಷದವರೆಗಿನ ಮಕ್ಕಳು, ಇಬ್ಬಿಬ್ಬರನ್ನು ಜೊತೆಗೆ ಕೂರಿಸುತ್ತಾರೆ. ಮೊದಲ ಐದು ನಿಮಿಷ ಅವರ ಪಾಡಿಗೆ ಬಿಡುತ್ತಾರೆ. ಆಮೇಲೆ ಒಮ್ಮೆ ತೆರೆದು ತೋರಿಸಿ, "ಹಲ್ಲಿನಿಂದ ಕಚ್ಚಿ ತೆಗೆದರೂ ನಡೆಯುತ್ತದೆ" ಎಂದು ಹೇಳಿ ಇನ್ನೂ ಐದು ನಿಮಿಷ ಕೊಡುತ್ತಾರೆ. ತೋರಿಸಿದ ಮೇಲೂ ನೂರಕ್ಕೆ 80 ಮಕ್ಕಳಿಗೆ ತೆರೆಯಲು ಆಗಬಾರದು. ನಿಮಗೆ ಲೆಕ್ಕ ಬಂತಲ್ಲ? ನೂರಕ್ಕೆ ಇಪ್ಪತ್ತು ಮಕ್ಕಳು ತೆರೆದರೂ ಮುಚ್ಚಳ ಪಾಸಾಗುತ್ತದೆ. ಅದು ಬೀಗ ಅಲ್ಲ, ತಡ ಮಾಡಿಸುವ ಉಪಾಯ ಅಷ್ಟೇ.

ಮುದುಕರಿಗೂ ಪರೀಕ್ಷೆ ಇದೆ. ಮೊದಲು 18ರಿಂದ 45 ವರ್ಷದವರ ಕೈಗೆ ಕೊಟ್ಟು ನೋಡುತ್ತಿದ್ದರಂತೆ. ನನ್ನಂಥವರು ಮುಚ್ಚಳ ತೆರೆಯಲಾಗದೆ, ಒಮ್ಮೆ ತೆರೆದದ್ದನ್ನು ಮುಚ್ಚದೆ ಹಾಗೇ ಬಿಡುವುದು ತಿಳಿದ ಮೇಲೆ 1995ರಲ್ಲಿ ನಿಯಮ ಬದಲಿಸಿ 50ರಿಂದ 70 ವರ್ಷದವರನ್ನು ಕೂರಿಸಿದರು. ನನಗೆ ಆಗ 63. ಪರೀಕ್ಷೆಗೆ ಕರೆದಿದ್ದರೆ ಸೆರಗು, ಬಾಗಿಲಿನ ಸಂದಿ ಎರಡನ್ನೂ ಜೊತೆಗೇ ಒಯ್ಯಬೇಕಾಗುತ್ತಿತ್ತು.

ಯಾವ ಯಾವ ವಸ್ತುಗಳಿಗೆ ಈ ಮುಚ್ಚಳ ಬೇಕು ಎಂಬ ಪಟ್ಟಿಯನ್ನೂ ಅಳಿಯ ಫೋನಿನಲ್ಲಿ ತೆಗೆದು ತೋರಿಸಿದ. ಆಸ್ಪಿರಿನ್, ಕಬ್ಬಿಣದ ಮಾತ್ರೆ, ಮೋರಿ ಕಟ್ಟಿದರೆ ಸುರಿಯುವ ಕಾಸ್ಟಿಕ್ ಸೋಡಾ, ಟರ್ಪೆಂಟೈನ್. ಅದರಲ್ಲಿ ಒಂದು ಸಾಲು, ಬೆಂಕಿ ಹೊತ್ತಿಸಲು, ದೀಪ ಉರಿಸಲು ಬಳಸುವ ಪೆಟ್ರೋಲಿಯಂ ಎಣ್ಣೆಗಳು. ಅಂದರೆ ನಮ್ಮ ಚಿಮಣಿ ಎಣ್ಣೆಯ ಜಾತಿಯವು. ಆ ಸಾಲನ್ನು ನಾನು ಓದಿದೆ, ಏನೂ ಹೇಳಲಿಲ್ಲ. ಕೂಸು ಅಳುತ್ತದೆ ಎಂದು ಎದ್ದು ಹೋದೆ. ಕೂಸು ಅಳುತ್ತಿರಲಿಲ್ಲ.

ಇದಾದ ಮೇಲೂ ನಾನು ಮಾಡಿದ ಕೆಲಸ ಕೇಳಿ.

ನಮ್ಮ ಕೈಗೆ ಖಾಲಿ ಬಾಟಲಿ ಎಸೆಯುವುದು ಬರುವುದಿಲ್ಲ. ಇಲ್ಲಿ ಕೂತಿರುವ ಯಾರ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇಲ್ಲ, ಐಸ್‌ಕ್ರೀಮ್ ಡಬ್ಬಿಯಲ್ಲಿ ಹುಳಿ ಇಲ್ಲ, ಕೈ ಎತ್ತಿ ನೋಡೋಣ. ಅಲ್ಲಿ ವಾರಕ್ಕೆ ಎರಡು ಹಾಲಿನ ಕ್ಯಾನು ಖಾಲಿಯಾಗುತ್ತಿತ್ತು. ಅಷ್ಟು ಗಟ್ಟಿ, ಹಿಡಿಕೆ ಸಮೇತ, ಮುಚ್ಚಳ ಸಮೇತ. ತೊಳೆದು ಗ್ಯಾರೇಜಿನಲ್ಲಿ ಇಟ್ಟೆ. ಹದಿನಾಲ್ಕು ಆದಾಗ ಮಗಳಿಗೆ ಸಿಕ್ಕಿಬಿದ್ದೆ. "ಇವನ್ನ ಊರಿಗೆ ಒಯ್ಯಾಕಿ ಏನು?" ಎಂದಳು. ನಿಜ ಹೇಳಬೇಕೆಂದರೆ ಎರಡು ಒಯ್ಯುವ ವಿಚಾರ ಇತ್ತು.

ನೆಲ ಒರೆಸುವ ದ್ರವವೂ ದೊಡ್ಡ ಕ್ಯಾನಿನಲ್ಲೇ ಬರುತ್ತಿತ್ತು, ಅದಕ್ಕೂ ಒತ್ತಿ ತಿರುಗಿಸುವ ಮುಚ್ಚಳ. ದಿನಾ ಅದನ್ನು ಎತ್ತಿ, ಒತ್ತಿ, ಬಗ್ಗಿಸಿ ನನ್ನ ಮಣಿಕಟ್ಟು ಸೋತಿತ್ತು. ಮೊಮ್ಮಗ ಕುಡಿದು ಖಾಲಿ ಮಾಡಿದ ಸೇಬಿನ ಜ್ಯೂಸಿನ ಬಾಟಲಿ ಸಿಂಕಿನ ಪಕ್ಕದಲ್ಲಿತ್ತು. ತೊಳೆದೆ, ಅದರಲ್ಲಿ ಅರ್ಧ ತುಂಬಿಸಿದೆ, ಸಿಂಕಿನ ಕೆಳಗೆ ಇಟ್ಟೆ. ದ್ರವದ ಬಣ್ಣ ತಿಳಿ ಹಳದಿ, ಜ್ಯೂಸಿನದೇ ಬಣ್ಣ. ಆಗ ನನಗೆ ಅದು ಕಾಣಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಸಂಜೆ ಮಗಳು ಅದನ್ನು ನೋಡಿದಳು.

"ಅವ್ವಾ, ಇದರಾಗ ಏನು ಹಾಕೀ?"

"ನೆಲಾ ಒರಸೂದು. ಆ ಕ್ಯಾನು ಎತ್ತಾಕ ಆಗೂದಿಲ್ಲ ನನಗ."

"ಜ್ಯೂಸಿನ ಬಾಟಲಿ ಅವ್ವಾ ಇದು! ಅಂವಾ ದಿನಾ ಕುಡಿಯೂ ಬಾಟಲಿ!"

ನಾನು ತಪ್ಪಾಯಿತು ಎನ್ನಬಹುದಿತ್ತು. ಎನ್ನಲಿಲ್ಲ. ಹಸಿ ಬಾಣಂತಿ ಧ್ವನಿ ಏರಿಸಿದ್ದಳು, ಅಳಿಯ ಅಲ್ಲೇ ನಿಂತಿದ್ದ, ನನಗೂ ಸಿಟ್ಟು ನೆತ್ತಿಗೇರಿತು. "ನಿನ್ನ ಬೆಳಸಲಿಲ್ಲೇನು ನಾವು? ನೀ ಏನು ಮುಚ್ಚಳಾ ಒತ್ತಿ ತಿರುವಿ ದೊಡ್ಡಾಕಿ ಆದೀ?" ಎಂದುಬಿಟ್ಟೆ.

ಅವಳು ಮಾತಾಡದೆ ಅದನ್ನು ಸಿಂಕಿಗೆ ಸುರಿದು, ಬಾಟಲಿ ಕಸದ ಡಬ್ಬಿಗೆ ಹಾಕಿದಳು. ಎರಡು ದಿನ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ನನ್ನ ಬಾಯಿಂದ ಬಂದ ಆ ವಾಕ್ಯ ಮಾತ್ರ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಏಕೆಂದರೆ ಆ ಮನೆಯಲ್ಲಿ ಆ ಮಾತು ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ.

1987ರ ಮೇ ತಿಂಗಳು. ಡೊಂಬಿವಲಿಯ ಚಾಳಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಗ್ಯಾಸಿಗೆ ಹೆಸರು ಹಚ್ಚಿದ್ದೆವು, ನಂಬರು ಬಂದಿರಲಿಲ್ಲ. ಪಂಪಿನ ಸ್ಟೋವ್. ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ, ಅದನ್ನು ಹೊತ್ತಿಸುವ ಮೊದಲು ಮೇಲಿನ ಬಟ್ಟಲಿಗೆ ಸ್ವಲ್ಪ ಎಣ್ಣೆ ಸುರಿದು ಉರಿಸಿ ಬಿಸಿ ಮಾಡಬೇಕು. ಅದಕ್ಕೆಂದು ಒಂದು ಸಣ್ಣ ಬಾಟಲಿಯಲ್ಲಿ ಚಿಮಣಿ ಎಣ್ಣೆ ಸ್ಟೋವಿನ ಪಕ್ಕದಲ್ಲೇ ಇರುತ್ತಿತ್ತು. ನಮ್ಮದು ಆರೆಂಜ್ ಸ್ಕ್ವಾಶಿನ ಬಾಟಲಿ. ಹಣ್ಣಿನ ಚಿತ್ರದ ಚೀಟಿಯನ್ನೂ ನಾನು ಕಿತ್ತಿರಲಿಲ್ಲ, ಚೆಂದ ಕಾಣುತ್ತದೆ ಎಂದು.

ಬೆಳಿಗ್ಗೆ ನಳ ಬಂತೆಂದು ಗ್ಯಾಲರಿಯ ತುದಿಗೆ ಕೊಡ ಒಯ್ದೆ. ಬಂದಾಗ ಎರಡು ವರ್ಷದ ಮಗಳು ಕೆಮ್ಮುತ್ತಿದ್ದಳು, ಫ್ರಾಕು ಒದ್ದೆ, ಬಾಯಿಂದ ಎಣ್ಣೆಯ ವಾಸನೆ. ಒಂದು ಗುಟುಕು ಕುಡಿದಿದ್ದಳೋ ಎರಡೋ. ನಾನು ಕೂಗಿದ್ದಕ್ಕೆ ಚಾಳಿನ ಹೆಂಗಸರೆಲ್ಲ ಬಂದರು. ಉಪ್ಪಿನ ನೀರು ಕುಡಿಸು, ವಾಂತಿ ಆಗಲಿ ಎಂದರು. ಕುಡಿಸಿದೆ. ಗಂಟಲಲ್ಲಿ ಬೆರಳು ಹಾಕಿದೆ. ಎರಡು ಸಲ ವಾಂತಿ ಆಯಿತು. ಹೊರಗೆ ಬಂತು, ಕೂಸು ಉಳಿಯಿತು ಎಂದು ಎಲ್ಲರೂ ಸಮಾಧಾನ ಮಾಡಿದರು, ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಸಂಜೆಗೆ ಜ್ವರ. ರಾತ್ರಿ ಪಕ್ಕೆಲುಬು ಒಳಗೆ ಎಳೆಯುವ ಹಾಗೆ ಉಸಿರು. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಕೇಳಿದ ಮೇಲೆ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು, ವಾಂತಿ ಯಾಕೆ ಮಾಡಿಸಿದಿರಿ? ಬೈಯಲಿಲ್ಲ, ನಿಧಾನವಾಗಿಯೇ ಹೇಳಿದರು. ಸೀಮೆಎಣ್ಣೆ ತೆಳ್ಳಗಿನ ವಸ್ತು. ಹೊಟ್ಟೆಯಲ್ಲಿ ಇದ್ದರೆ ಮಾಡುವ ಕೇಡಿಗಿಂತ ಉಸಿರಿನ ನಾಳಕ್ಕೆ ಇಳಿದರೆ ಮಾಡುವ ಕೇಡು ದೊಡ್ಡದು. ಕುಡಿದು ಕೆಮ್ಮಿದಾಗಲೇ ಸ್ವಲ್ಪ ಹೋಗಿರಬಹುದು. ವಾಂತಿ ಮಾಡಿಸಿದಾಗ ಮತ್ತೆ ಅದೇ ದಾರಿಯಲ್ಲಿ ಹಾಯ್ದು ಪುಪ್ಪುಸಕ್ಕೆ ಇಳಿಯುತ್ತದೆ. ಆಸಿಡ್ ಕುಡಿದರೂ ಹಾಗೆಯೇ, ಒಳಗೆ ಹೋಗುವಾಗ ಒಮ್ಮೆ ಸುಟ್ಟದ್ದು ಹೊರಗೆ ಬರುವಾಗ ಇನ್ನೊಮ್ಮೆ ಸುಡುತ್ತದೆ.

ಒಂಬತ್ತು ದಿನ ಆಸ್ಪತ್ರೆ. ಧಾರವಾಡದಿಂದ ಅತ್ತೆ ಮಾವ ಬಂದರು. ಅವರಿಗೆ ನ್ಯುಮೋನಿಯಾ ಎಂದೆವು. ಸುಳ್ಳೇನೂ ಅಲ್ಲ, ಡಾಕ್ಟರರ ಚೀಟಿಯಲ್ಲೂ ಆ ಶಬ್ದ ಇತ್ತು. ಅದರ ಮೊದಲಿನ ಶಬ್ದವನ್ನು ನಾನು ಬಿಟ್ಟೆ, ಅಷ್ಟೇ. ಆಮೇಲೆ 35 ವರ್ಷ ಹಾಗೇ ಬಿಟ್ಟುಕೊಂಡು ಬಂದೆ. "ಎರಡು ವರ್ಷದಾಕಿ ಇದ್ದಾಗ ಇವಳಿಗೆ ನ್ಯುಮೋನಿಯಾ ಆಗಿತ್ತು" ಎಂದು ಶಾಲೆಯಲ್ಲಿ, ಡಾಕ್ಟರರ ಹತ್ತಿರ, ಮದುವೆಯ ಮಾತುಕತೆಯಲ್ಲಿ. ಗೊತ್ತಿದ್ದವರು ನನ್ನ ಯಜಮಾನರು ಒಬ್ಬರು. ಅವರು ಹೋಗಿ ಆರು ವರ್ಷವಾಯಿತು.

ನ್ಯೂಜೆರ್ಸಿಯಲ್ಲಿ ಮೂರನೆಯ ರಾತ್ರಿ, ಬೆಳಗಿನ ಜಾವ ಮೂರರ ಸುಮಾರಿಗೆ ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ಹಾಸಿಗೆಯ ತುದಿಗೆ ಕೂತು ಹೇಳಿದೆ. ಬಾಟಲಿ, ನಳ, ಉಪ್ಪಿನ ನೀರು, ಡಾಕ್ಟರರ ಪ್ರಶ್ನೆ, ಎಲ್ಲ. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಬೈಯಲಿ ಎಂದು ಕಾಯುತ್ತಿದ್ದೆ. ಕೊನೆಗೆ ಕೇಳಿದಳು:

"ಆವತ್ತು ನಿನ್ನ ಜೊತಿ ಯಾರಿದ್ದರು ಅವ್ವಾ?"

"ಯಾರೂ ಇರಲಿಲ್ಲ. ನಿಮ್ಮಪ್ಪ ಏಳೂ ಇಪ್ಪತ್ತರ ಲೋಕಲ್ಲಿಗೆ ಹೋಗಿದ್ದರು."

ಅವಳು ಕೂಸನ್ನು ತೇಗಿಸಲು ನನ್ನ ಹೆಗಲಿಗೆ ಕೊಟ್ಟಳು.

ಬೆಳಿಗ್ಗೆ ಇಬ್ಬರೂ ಸೇರಿ ಮನೆ ಶೋಧಿಸಿದೆವು. ನನ್ನ ತಪ್ಪು ಒಂದೇ ಬಾಟಲಿ, ಅವಳವೂ ಸಿಕ್ಕವು. ಬಟ್ಟೆ ಒಗೆಯುವ ಯಂತ್ರದ ಮೇಲೆ ದ್ರವ ಸೋಪಿನ ಪುಟ್ಟ ಗುಳಿಗೆಗಳ ಚೀಲ ಬಾಯಿ ತೆರೆದು ಕೂತಿತ್ತು. ನೀಲಿ, ಕಿತ್ತಳೆ, ಮೆತ್ತಗೆ, ಥೇಟ್ ಮಿಠಾಯಿ. ಅಲ್ಲಿಯ ಪೇಟೆಯಲ್ಲಿ ಅವು 2012ರಿಂದ ಬಹಳ ಓಡಿದವು, ಮಕ್ಕಳು ಬಾಯಿಗೆ ಹಾಕಿಕೊಂಡದ್ದೂ ಅಷ್ಟೇ ಆಯಿತು. ಆಮೇಲೆ ಹೊರಗಿನ ಪದರಕ್ಕೆ ಕಹಿ ಸೇರಿಸಿದರು, ಡಬ್ಬಿಗೆ ಗಟ್ಟಿ ಮುಚ್ಚಳ ಬಂತು. ಮುಚ್ಚಳವನ್ನು ಮುಚ್ಚುವವರು ಬೇಕಲ್ಲ? ಬ್ರೆಡ್ಡಿನ ಪಕ್ಕದಲ್ಲಿ ವಿಟಮಿನ್ನಿನ ಡಬ್ಬಿ. ಅದರೊಳಗೆ ಕರಡಿಮರಿಯ ಆಕಾರದ ಸಿಹಿ ಮಾತ್ರೆ. ಮಾತ್ರೆಯನ್ನು ಮಿಠಾಯಿಯ ಹಾಗೆ ಮಾಡುವುದು, ಆಮೇಲೆ ಮಕ್ಕಳಿಗೆ ಸಿಗದಂಥ ಮುಚ್ಚಳ ಹಾಕುವುದು, ಈ ಬುದ್ಧಿವಂತಿಕೆ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವರ ಒಂದು ಚೀಟಿಯ ಕಥೆ ಮಾತ್ರ ನನಗೆ ಬಹಳ ಇಷ್ಟವಾಯಿತು. ವಿಷದ ಡಬ್ಬಿಯ ಮೇಲೆ ನಾವು ತಲೆಬುರುಡೆ, ಎರಡು ಎಲುಬು ಹಾಕುತ್ತೇವಲ್ಲ, ಅಲ್ಲಿಯ ಮಕ್ಕಳಿಗೆ ಅದು ಕಡಲ್ಗಳ್ಳರ ಗುರುತು, ಅಂದರೆ ಸಾಹಸದ ಆಟ. ಪಿಟ್ಸ್‌ಬರ್ಗ್ ಊರಿನ ಬೇಸ್‌ಬಾಲ್ ತಂಡದ ಹೆಸರೇ ಪೈರೇಟ್ಸ್. ಅದಕ್ಕೇ 1971ರಲ್ಲಿ ಅದೇ ಊರಿನ ಮಕ್ಕಳ ಆಸ್ಪತ್ರೆ ಹೊಸ ಚೀಟಿ ಮಾಡಿತು: ಹಸಿರು ಮುಖ, ಗಂಟು ಹುಬ್ಬು, ನಾಲಿಗೆ ಹೊರಗೆ. ಮಿಸ್ಟರ್ ಯಕ್ ಎಂದು ಹೆಸರು. ನಮ್ಮಲ್ಲಾದರೆ ಛೀ ಮಾಮಾ ಎನ್ನಬಹುದು. ಮಗಳ ಗೆಳತಿಯೊಬ್ಬಳು ಅಂಥ ಚೀಟಿ ಕೊಟ್ಟಳು, ಮೊಮ್ಮಗನ ಕೈಯಿಂದಲೇ ಒಂದೊಂದು ಡಬ್ಬಿಗೆ ಅಂಟಿಸಿದೆವು. ನನ್ನ ಬಿಪಿ ಮಾತ್ರೆಗೂ ಅಂಟಿಸಿದ. ಫ್ರಿಜ್ಜಿನ ಮೇಲೆ ಅಲ್ಲಿಯ ವಿಷ ಸಹಾಯವಾಣಿಯ ನಂಬರು ಮೊದಲೇ ಇತ್ತು. ನಾನು ಅದನ್ನು ಪಿಜ್ಜಾ ಅಂಗಡಿಯದು ಎಂದುಕೊಂಡಿದ್ದೆ.

ತಿರುಗಿ ಬಂದ ಮೇಲೆ ನನ್ನ ಸಿಂಕಿನ ಕೆಳಗೆ ಬಗ್ಗಿ ನೋಡಿದೆ. ಆರು ಬಾಟಲಿ, ಆರೂ ಬೇರೆ ಯಾವುದೋ ಪಾನೀಯದವು. ನೀರಿನ ಬಾಟಲಿಯಲ್ಲಿ ಆಸಿಡ್, ಕೋಲಾ ಬಾಟಲಿಯಲ್ಲಿ ಕರಿ ಫಿನಾಯಿಲ್. ನೀರಿಗೆ ಹಾಕಿದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗುವ ವಸ್ತು ಅದು. ನಾನು ಸುರಿದಿಟ್ಟದ್ದೇ ಅಲ್ಲ, ಸೊಸೈಟಿಯ ಗೇಟಿನ ಹತ್ತಿರ ಬರುವವನು ಕೊಡುವುದೇ ಹಾಗೆ, ಗುಜರಿಯ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ. ಪೇಟೆಯ ಕೆಲವು ಟಾಯ್ಲೆಟ್ ಕ್ಲೀನರ್ ಬಾಟಲಿಗಳಿಗೆ ಎರಡೂ ಪಕ್ಕ ಅದುಮಿ ತಿರುಗಿಸುವ ಮುಚ್ಚಳ ಈಗ ನಮ್ಮಲ್ಲೂ ಬಂದಿದೆ. ಅದರ ಬೆಲೆ ಬೇರೆ, ಗೇಟಿನವನ ಬೆಲೆ ಬೇರೆ. ಆ ವ್ಯತ್ಯಾಸ ನನಗೆ ಈಗ ಭರಿಸಲು ಆಗುತ್ತದೆ. 1987ರಲ್ಲಿ ಆಗುತ್ತಿರಲಿಲ್ಲ.

ಆರೂ ಬಾಟಲಿ ಹೊರಗೆ ತೆಗೆದಿಟ್ಟಾಗ ನಮ್ಮ ಕೆಲಸದ ಬಾಯಿ, "ತಾಯಿ, ಎಸೆಯುವುದಾದರೆ ಆ ಕೋಲಾ ಬಾಟಲಿ ನನಗೆ ಕೊಡಿ, ಮನೆಗೆ ಫಿನಾಯಿಲ್ ಒಯ್ಯಬೇಕು" ಎಂದಳು. ಅವಳ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳು ಇದ್ದಾಳೆ. ಬಾಟಲಿ ಕೊಡಲಿಲ್ಲ, ಪೇಟೆಯಿಂದ ತಂದ ಹೊಸದನ್ನೇ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, "ಇದು ಮುಗಿದ ಮೇಲೆ ಇದರಲ್ಲೇ ಗೇಟಿನವನ ಹತ್ತಿರ ತುಂಬಿಸಿಕೊಳ್ಳಲಾ?" ಎಂದು ಕೇಳಿದಳು. ನಾನು ಹೂಂ ಎಂದೆ. ಚೀಟಿ ಕೀಳಬೇಡ, ಮೇಲೆ ಇಡು ಎಂದೆ. ಬೇರೆ ಉತ್ತರ ನನಗೆ ಹೊಳೆಯಲಿಲ್ಲ. ನಿಮಗೆ ಹೊಳೆದರೆ ಆಮೇಲೆ ಹೇಳಿ.

ನಮ್ಮ ದೇಶದಲ್ಲೂ ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1995ರಿಂದ ಇದೆ, ಹಗಲು ರಾತ್ರಿ ಫೋನಿಗೆ ಉತ್ತರ ಕೊಡುತ್ತಾರೆ. ಅದರ ನಂಬರು, ನಮ್ಮ 112, ಕೆಳಗೆ ದಪ್ಪ ಅಕ್ಷರದಲ್ಲಿ "ಕೇಳದೆ ವಾಂತಿ ಮಾಡಿಸಬೇಡಿ" ಎಂದು ಬರೆದು ಅರವತ್ತು ಚೀಟಿ ಪ್ರಿಂಟ್ ತೆಗೆಸಿ ತಂದಿದ್ದೇನೆ. ಚಹಾದ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಹಿಂದಿನ ಸಾಲಿನವರೂ ಒಂದೊಂದು ತೆಗೆದುಕೊಂಡು ಹೋಗಿ. ನಮಸ್ಕಾರ.